ಕಸ್ತೂರೆಮ್ಮನ ಚರಗ

ಸಿಂಧನೂರಿನ ಗಂಜ್ ಮಾರುಕಟ್ಟೆಯಲ್ಲಿ ಭತ್ತದ ದಲಾಲಿ ಅಂಗಡಿ ನಡೆಸುವ ಸೂಗಪ್ಪನವರ ಹೆಂಡತಿ ಕಸ್ತೂರೆಮ್ಮನಿಗೆ ಮೋಸ ಮಾಡಿ ದಕ್ಕಿಸಿಕೊಂಡವರು ಊರಲ್ಲಿ ಕಡಿಮೆ. ಬದನೆಕಾಯಿ ಮಾರುವವಳು ಪುಟ್ಟಿ ಇಳಿಸುವಷ್ಟರಲ್ಲಿ ಹುಳುಕಿನವು ಯಾವುವೆಂದು ಈಕೆಯ ಕಣ್ಣು ಬೇರ್ಪಡಿಸಿ ಮುಗಿಸಿರುತ್ತದೆ. ತೊಗರಿಬೇಳೆಯನ್ನು ಅಂಗೈ ಮೇಲೆ ಹರಡಿ ಒಮ್ಮೆ ಊದಿ, "ಹ್ವಾದ ವರ್ಷದ್ದು, ಎಣ್ಣಿ ಹಚ್ಚಿ ಹೊಳಪ ಮಾಡ್ಯಾನ" ಅಂದರೆ ಅಂಗಡಿಯವನು ವಾದಕ್ಕೆ ನಿಲ್ಲುವುದಿಲ್ಲ. ಮೂಟೆಯ ಬಾಯಿ ಕಟ್ಟಿ ಒಳಗಿನಿಂದ ಇನ್ನೊಂದು ತರಿಸುತ್ತಾನೆ. ಗಂಡನೂ ಕಮ್ಮಿಯವರಲ್ಲ. ಭತ್ತದ ರಾಶಿಗೆ ಮೊಣಕೈತನಕ ಕೈಹಾಕಿ ತೇವ ಎಷ್ಟಿದೆಯೆಂದು ಹೇಳಿದರೆ ಯಂತ್ರ ಆಮೇಲೆ ಬಂದು ಹೂಂಗುಟ್ಟುತ್ತದೆ. ಆದರೆ ಅವರ ಜಾಣತನಕ್ಕೆ ಗಂಜಿನ ಗೇಟಿನವರೆಗೆ ಮಾತ್ರ ಚಲಾವಣೆ. ಮನೆಯಲ್ಲಿ ಅವರ ಕೈ ತಟ್ಟೆ ದಾಟಿ ಆಚೆ ಹೋಗುವುದಿಲ್ಲ.

ಇಂಥ ಕಸ್ತೂರೆಮ್ಮನ ಕಣ್ಣೂ ಒಂದು ಕಡೆ ತಪ್ಪಿತ್ತು. ತಪ್ಪಿದ್ದು ಸಂತೆಯಲ್ಲಲ್ಲ, ಸ್ವಂತ ಹೊಲದಲ್ಲಿ.

ಆಕೆ ಮಸ್ಕಿಯವಳು. ಮಳೆ ನಂಬಿ ಜೋಳ ಬಿತ್ತುವ ಎರೆಹೊಲದ ಮನೆಯಿಂದ ಕಾಲುವೆ ನೀರಿನ ಮನೆಗೆ ಹತ್ತೊಂಬತ್ತನೆಯ ವಯಸ್ಸಿಗೆ ಬಂದಳು. ಬಂದ ವರ್ಷವೇ ಎಳ್ಳ ಅಮಾವಾಸ್ಯೆಯ ದಿನ ಅತ್ತೆ ಬಸಲಿಂಗಮ್ಮ ಬೆಳಗಿನ ಜಾವಕ್ಕೆ ಎಬ್ಬಿಸಿ ಒಲೆ ಮುಂದೆ ಕೂಡಿಸಿದಳು. ಆ ದಿನ ಭೂಮಿ ಬಸುರಿ. ಅವಳಿಗೆ ಬಯಕೆಯ ಊಟ ಹಾಕಬೇಕು. ಮಾಡಿದ ಅಡುಗೆಯಲ್ಲೆಲ್ಲ ಒಂದೊಂದು ತುತ್ತು ಮುರಿದು ಕಲೆಸಿ, ಪುಟ್ಟಿಗೆ ತುಂಬಿ, ಹೊಲದ ತುಂಬ ಚೆಲ್ಲುತ್ತ ಹೋಗುವುದಕ್ಕೆ ಚರಗ ಎನ್ನುತ್ತಾರೆ. ಹೊಲ ಉಂಡ ಮೇಲೆ ಅಲ್ಲೇ ಗಿಡದ ನೆರಳಲ್ಲಿ ಮನೆಯವರ ಊಟ. ಬಸಲಿಂಗಮ್ಮನ ಕಟ್ಟಳೆ ಒಂದೇ: ಹೊಲ ಉಣ್ಣುವ ಮೊದಲು ಮನೆಯವರ ಬಾಯಿಗೆ ಕಾಳು ಬೀಳಬಾರದು. ಅಡುಗೆ ಮಾಡುವವಳು ಉಪ್ಪು ಸಹ ನೋಡಬಾರದು.

ಆರೇಳು ವರ್ಷ ಹೀಗೆ ನಡೆದ ಮೇಲೆ ಒಂದು ಅಮಾವಾಸ್ಯೆಗೆ ಬಸಲಿಂಗಮ್ಮ ಹೊಲದಲ್ಲಿ ಚರಗದ ಪುಟ್ಟಿಯನ್ನು ಎತ್ತಿ ಸೊಸೆಯ ತಲೆ ಮೇಲೆ ಇಟ್ಟು, "ಇನ್ನ ಮ್ಯಾಲ ನಿಂದು. ಅಕಿನ್ನ ಉಪಾಸ ಕೆಡವಬ್ಯಾಡ" ಅಂದು ಬನ್ನಿಗಿಡಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟಳು. ಉಪದೇಶವೆಂದರೆ ಅಷ್ಟೆ. ಆವತ್ತಿನಿಂದ ಕಸ್ತೂರೆಮ್ಮ ಒಂದು ವರ್ಷವೂ ತಪ್ಪಿಸಿರಲಿಲ್ಲ. ಮಗ ವೀರೇಂದ್ರನ ಬಾಣಂತನ ಮುಗಿದು ಎರಡೇ ತಿಂಗಳಾಗಿದ್ದಾಗಲೂ ಕೂಸನ್ನು ಬಗಲಲ್ಲಿಟ್ಟುಕೊಂಡು ಹೋಗಿ ಚೆಲ್ಲಿದ್ದಳು.

ಈಗ ವೀರೇಂದ್ರನಿಗೆ ಮದುವೆಯಾಗಿತ್ತು. ಸೊಸೆ ಶಿವಗಂಗಾ ಹಟ್ಟಿಯ ಹುಡುಗಿ. ಅಪ್ಪನದು ಚಿನ್ನದ ಗಣಿಯಲ್ಲಿ ಪಾಳಿ ಕೆಲಸ. ಬೆಳೆದದ್ದು ಕಂಪನಿ ಕ್ವಾರ್ಟರ್ಸಿನಲ್ಲಿ. ಭೂಮಿಯನ್ನು ಮೇಲಿನಿಂದ ಉಳುವವರಿಗಿಂತ ಒಳಗಿನಿಂದ ತೋಡುವವರನ್ನು ಹೆಚ್ಚು ಕಂಡವಳು. ಲಿಂಗಸುಗೂರಿಗೆ ಬಸ್ಸಿನಲ್ಲಿ ಓಡಾಡಿ ಬಿ.ಎಡ್. ಮುಗಿಸಿದ್ದಳು. ಏನು ಹೇಳಿದರೂ ಮಾಡುತ್ತಿದ್ದಳು, ಆದರೆ ಯಾಕೆ ಎಂದು ಕೇಳಿದ ಮೇಲೆ. ಈ ಅಮಾವಾಸ್ಯೆಗೆ ಪುಟ್ಟಿ ಅವಳ ತಲೆ ಮೇಲೆ ಇಡಬೇಕೆಂದು ಕಸ್ತೂರೆಮ್ಮ ಮನಸ್ಸಿನಲ್ಲೇ ಮುಹೂರ್ತ ಹಾಕಿಕೊಂಡಿದ್ದಳು.

ಮುಹೂರ್ತಕ್ಕೆ ಮಗನೇ ಅಡ್ಡ ಬಂದ. ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ಅಂಗಡಿ ಇಟ್ಟಿರುವ ವೀರೇಂದ್ರನಿಗೆ ಹೊಲ ಎಂದರೆ ಸಿಗ್ನಲ್ ಸಿಗದ ಜಾಗ.

"ಅವ್ವ, ಭತ್ತದ ಗದ್ದ್ಯಾಗ ಏನ್ ಚರಗಾ? ಜ್ವಾಳ ಇದ್ದಾಗ ಚೆಲ್ಲತಿದ್ರು, ಖರೆ. ಈಗ ಅಲ್ಲಿ ಬರೇ ನೀರು. ಮೀನ ತಿನ್ನತಾವ."

"ತಿನ್ಲಿ ಬಿಡು. ಮೀನೂ ಭೂಮಿ ಮ್ಯಾಗಽ ಅದಾವ."

"ಮೀನ ನೀರಾಗ ಅದಾವ."

"ಆ ನೀರು ಎದರ ಮ್ಯಾಲ ನಿಂತೈತಿ?"

ವೀರೇಂದ್ರ ಚಹಾ ಕುಡಿದು ದಾರಿ ಬದಲಿಸಿದ. "ಹೊಲ ಲೀಜಿಗೆ ಹಾಕಿ ಎಷ್ಟು ವರ್ಷಾತು? ಉಳಾಂವ ಕ್ಯಾಂಪಿನಾಂವ, ಬೆಳ್ಯಾಂವ ಅಂವ. ಉಣಿಸಾಕ ಮಾತ್ರ ನಾವು. ಮಾಳಿಗಿ ಮ್ಯಾಲ ಕುಂತು ಉಣ್ಣೂಣು. ಪೇಂಟ್ ಡಬ್ಬ್ಯಾಗ ಮಲ್ಲಿಗಿ ಹಚ್ಚೀಯಲ್ಲ, ಅದಕ್ಕ ಒಂದ್ ಹಿಡಿ ಹಾಕು. ಅದೂ ಮಣ್ಣಽ."

ಪೇಪರಿನ ಹಿಂದಿನಿಂದ ಸೂಗಪ್ಪನವರ ದನಿ ಬಂತು. "ಹುಡುಗ ಹೇಳೂದರಾಗೂ ಒಂದಿಷ್ಟು ಅರ್ಥ ಐತಿ."

ಕಸ್ತೂರೆಮ್ಮ ಪೇಪರಿನ ಕಡೆ ನೋಡಿದಳು. ಮಗನ ಮಾತಿಗೆ ಅರ್ಥ ಇದೆಯೆಂದು ಆ ಮನುಷ್ಯ ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಅಂದಿರಲಿಲ್ಲ. ಆದರೂ ಆಗ ಅವಳಿಗೆ ಹೊಳೆಯಲಿಲ್ಲ. ಗಂಡಸರಿಗೆ ಬಿಸಿಲಿಗೆ ಹೋಗಲು ಬೇಸರ ಎಂದುಕೊಂಡಳು.

"ಹಿಂಗ್ ಮಾಡೂಣು," ಅಂದಳು. "ಈ ವರ್ಷ ಹೊಲಕ್ಕ ಹೋಗೂದು ಹೋಗೂದಽ. ಪುಟ್ಟಿ ಹೊರಾಕೀ ಶಿವಗಂಗಾ. ಮುಂದಿನ ವರ್ಷಾನೂ ಹೊರ್ತೀನಿ ಅಂದ್ರ ಹೊಲ, ಒಲ್ಲೆ ಅಂದ್ರ ನಿನ್ನ ಮಾಳಿಗಿ. ಆಕೀನಽ ಹೇಳ್ಲಿ."

ಎಲ್ಲರೂ ಶಿವಗಂಗಾಳ ಕಡೆ ನೋಡಿದರು. ಅವಳು ಕಪ್ಪುಗಳನ್ನು ಎತ್ತಿಕೊಳ್ಳುತ್ತ, "ನೋಡಿ ಹೇಳ್ತೀನ್ರಿ ಅತ್ತಿ" ಅಂದಳು.

ವ್ಯಾಪಾರದ ಮನೆಯಲ್ಲಿ ಇದು ಒಳ್ಳೆಯ ಮಾತಲ್ಲ. ನೋಡಿ ಹೇಳ್ತೀನಿ ಎಂದು ಮೆಟ್ಟಿಲಿಳಿದ ಗಿರಾಕಿ ತಿರುಗಿ ಬಂದದ್ದು ಕಡಿಮೆ.

ಅಡುಗೆ ಎರಡು ದಿನ ನಡೆಯಿತು. ಮೊದಲ ದಿನ ಸಜ್ಜೆ ರೊಟ್ಟಿ, ಎಳ್ಳು ಹಚ್ಚಿ ಬಡಿದು ಒಣಗಿಸಿದ್ದು. ಶೇಂಗಾ ಹೋಳಿಗೆ, ಎಳ್ಳಿನ ಹೋಳಿಗೆ. ಅಮಾವಾಸ್ಯೆಯ ನಸುಕಿಗೆ ಸಜ್ಜೆ ಕಡುಬು, ಪುಂಡಿಪಲ್ಯ, ಎಣಗಾಯಿ, ಮಡಕಿ ಕಾಳಿನ ಪಲ್ಯ, ಮೊಸರನ್ನ. ಶಿವಗಂಗಾ ಸೆರಗು ಸೊಂಟಕ್ಕೆ ಕಟ್ಟಿ ನಿಂತಿದ್ದಳು. ಕಡುಬು ಒಡೆಯದಂತೆ ಒತ್ತುವುದನ್ನು ಮೂರನೆಯದಕ್ಕೇ ಕಲಿತಳು. ಅದು ಕಸ್ತೂರೆಮ್ಮನಿಗೆ ಸೇರಲಿಲ್ಲ. ತನಗೆ ಅದನ್ನು ಕಲಿಯಲು ಎರಡು ಅಮಾವಾಸ್ಯೆ ಹಿಡಿದಿತ್ತು.

"ಉಪ್ಪು ನೋಡಬಾರ್ದು ಅಂದ್ರ ಸಾಲ್ತೋ ಇಲ್ಲೋ ಹೆಂಗ ಗೊತ್ತಾಗಬೇಕ್ರಿ?"

"ಮೂಗಿಗೆ ಗೊತ್ತಾಗತೈತಿ."

"ಮೂಗಿಗೆ ಉಪ್ಪು ಗೊತ್ತಾಗತೈತಾ?"

"ಮೂವತ್ತೆಂಟು ವರ್ಷ ಒಲಿ ಮುಂದ ಕುಂತ್ರ ಗೊತ್ತಾಗತೈತಿ."

ಶಿವಗಂಗಾ ಬೆರಳು ಮಡಚಿ ಲೆಕ್ಕ ಹಾಕಿದಳು. "ಹಂಗಾರ ನನ್ನ ಮೂಗು ಅರವತ್ಮೂರಕ್ಕ ತಯಾರಾಗತೈತಿ."

ಕಸ್ತೂರೆಮ್ಮನಿಗೆ ನಗು ಬಂತು. ಆದರೆ ಇನ್ನೂ ಹೂಂ ಅನ್ನದ ಸೊಸೆಯ ಎದುರು ನಗುವುದು ಮಾಲು ಕೊಡುವ ಮೊದಲೇ ರಸೀದಿ ಕೊಟ್ಟಂತೆ. ಒಲೆ ಊದಿದಳು.

ಹತ್ತು ಗಂಟೆಗೆ ಕಾರು ಹೊರಟಿತು. ಕಾಲುವೆ ದಂಡೆಯ ರಸ್ತೆ, ಆಂಧ್ರದಿಂದ ಬಂದು ನೆಲೆಸಿದ ರೈತರ ತೆಲುಗು ಬೋರ್ಡಿನ ಕ್ಯಾಂಪುಗಳು, ಕೆಸರಿನಲ್ಲಿ ಕಬ್ಬಿಣದ ಗಾಲಿ ಹಾಕಿಕೊಂಡು ತಿರುಗುವ ಟ್ರ್ಯಾಕ್ಟರುಗಳು. ಎರಡನೆಯ ಬೆಳೆಗೆ ನಾಟಿ ಶುರುವಾಗಿತ್ತು. ಒಂದು ಗದ್ದೆಗೂ ಇನ್ನೊಂದಕ್ಕೂ ಗುರುತು ಹಿಡಿಯಲು ಕೊಕ್ಕರೆಗೂ ಆಗುವಂತಿರಲಿಲ್ಲ. ಮೊದಲು ಅಲ್ಲಿ ದಿಬ್ಬ, ತಗ್ಗು, ಕಲ್ಲಿನ ರಾಶಿ, ಜಾಲಿಯ ಸಾಲು ಎಲ್ಲ ಇದ್ದವು. ಲೀಜಿನವರು ಸಮ ಮಾಡಿ ಮಾಡಿ ಈಗ ಎಲ್ಲ ಹೊಲಗಳೂ ಒಂದೇ ತಾಯಿಯ ಮಕ್ಕಳಂತಾಗಿದ್ದವು. ಸೂಗಪ್ಪ ಮುಂದೆ ಕೂತು ದಾರಿ ಹೇಳಿದರು. "ಬಲಕ್ಕ. ಇನ್ನೀಟು ಮುಂದ. ಗಿಡದ ಬುಡಕ್ಕ ನಿಲ್ಸು."

ಬನ್ನಿಗಿಡ ಒಡ್ಡಿನ ಮೇಲೆ ನಿಂತಿತ್ತು. ಏಳು ವರ್ಷದ ಹಿಂದೊಮ್ಮೆ ಕಸ್ತೂರೆಮ್ಮ, "ಗಿಡ ಸಣ್ಣದಾಗೇತಲ್ರಿ?" ಎಂದು ಕೇಳಿದ್ದಳು. "ಗಿಡಕ್ಕೂ ವಯಸ್ಸಾಗತೈತಿ. ನೀ ನೋಡಿದಾಗಿಂದ ನಾನೂ ಸಣ್ಣ ಆಗಿಲ್ಲೇನು?" ಅಂದಿದ್ದರು ಗಂಡ. ಅವರ ಹೊಟ್ಟೆ ಆ ಮಾತಿಗೆ ಸಾಕ್ಷಿ ಹೇಳುವಂತಿರಲಿಲ್ಲ, ಆದರೂ ಮಾತು ಅಲ್ಲಿಗೇ ನಿಂತಿತ್ತು.

ಐದು ಕಲ್ಲು ಹುಡುಕಿ, ತೊಳೆದು, ಸುಣ್ಣ ಬಳಿದು, ಪಾಂಡವರೆಂದು ಸಾಲಾಗಿ ಕೂಡಿಸಿ ಪೂಜೆ ಮಾಡಿದರು. ಎಡೆ ತೋರಿಸಿದ ಮೇಲೆ ಕಸ್ತೂರೆಮ್ಮ ಚರಗದ ಪುಟ್ಟಿ ಎತ್ತಿದಳು. ಸೊಸೆಯ ತಲೆ ಮೇಲೆ ಸಿಂಬಿ ಸರಿಮಾಡಿ ಇಟ್ಟಳು. ಅತ್ತೆ ಅಂದಂತೆ ಏನಾದರೂ ಅನ್ನಬೇಕೆಂದು ಎರಡು ದಿನದಿಂದ ಮಾತು ಹೊಂದಿಸಿದ್ದಳು. ಬಾಯಿಗೆ ಬಂದದ್ದು, "ಸಾವಕಾಶ, ಒಡ್ಡು ಜಾರತೈತಿ."

ಶಿವಗಂಗಾ ಮುಂದೆ ಹೊರಟಳು. ಹಿಂದೆ ತಂಬಿಗೆ ಹಿಡಿದು ನೀರು ಚಿಮುಕಿಸುತ್ತ ವೀರೇಂದ್ರ. "ಹುಲ್ಲುಲ್ಲಿಗೋ" ಎಂದು ಒಬ್ಬರು ಕೂಗಿದರೆ "ಸಲ್ಲಾಂಬ್ರಿಗೋ" ಎಂದು ಇನ್ನೊಬ್ಬರು ದನಿಗೂಡಿಸಬೇಕು. ವೀರೇಂದ್ರ ಅದನ್ನು ಗಿರಾಕಿಗೆ ಪಾಸ್‌ವರ್ಡ್ ಹೇಳಿದಂತೆ ಮೆಲ್ಲಗೆ ಹೇಳಿದ. ಅವರಿಬ್ಬರು ಸುತ್ತು ಹಾಕಿ ಬಂದಾಗ ಶಿವಗಂಗಾಳ ಮೊಣಕಾಲತನಕ ಕೆಸರು. ಪುಟ್ಟಿ ಖಾಲಿ. ಮುಖ ನೋಡಿ ಕಸ್ತೂರೆಮ್ಮನಿಗೆ ಒಂದು ಅಕ್ಷರವೂ ಓದಲಾಗಲಿಲ್ಲ.

ಎಲೆ ಹಾಕುವಷ್ಟರಲ್ಲಿ ಜಿಲಾನಿಸಾಬ್ ಬಂದರು. ಅಕ್ಕಪಕ್ಕದ ಹೊಲದವರು, ಪ್ರತಿ ವರ್ಷ ಊಟದ ಹೊತ್ತಿಗೆ ಬಂದು ಶೇಂಗಾ ಹೋಳಿಗೆಯನ್ನು ಹೊಗಳಿ ಉಂಡು ಹೋಗುವವರು. ಈ ಸಲ ಹೆಂಡತಿ ಹುಸೇನ್‌ಬೀಯೂ ಜೊತೆಗಿದ್ದಳು. ಅವಳು ಬಟ್ಟೆ ಮುಚ್ಚಿದ ಪುಟ್ಟಿ ಹೊತ್ತು ದೂರದ ಒಡ್ಡಿನ ಮೇಲೆ ಹೋಗುವುದನ್ನು ಕಸ್ತೂರೆಮ್ಮ ವರ್ಷ ವರ್ಷ ಕಂಡಿದ್ದಳು. ಹತ್ತಿರ ಬಂದದ್ದು ಇದೇ ಮೊದಲು.

"ಹೊಸಾ ಸೊಸಿನ್ನ ನೋಡಬೇಕಾಗಿತ್ತ್ರಿ ಅಕ್ಕೋರ," ಎಂದು ಪುಟ್ಟಿ ಇಳಿಸಿ, ಶಿವಗಂಗಾಳ ಗದ್ದ ಹಿಡಿದು ಮುಖ ಎತ್ತಿದಳು. "ಮಾಶಾಲ್ಲಾ. ಬಂಗಾರದ ಗಣಿಯಿಂದ ಬಂಗಾರಽ ತಂದೀರಿ."

ಶಿವಗಂಗಾ ಮನೆಯೊಡತಿಯ ದನಿಯಲ್ಲಿ, "ಕುಂದ್ರಿ ಚಾಚಿ. ನಮ್ಮ ಹೊಲಕ್ಕ ಬಂದೀರಿ, ಉಣ್ಣದಽ ಹೋಗಬ್ಯಾಡ್ರಿ" ಅಂದಳು.

ಹುಸೇನ್‌ಬೀ ನಕ್ಕ ನಗು ಟ್ರ್ಯಾಕ್ಟರಿನವನಿಗೂ ಕೇಳಿಸಿರಬೇಕು. "ಅಯ್ಯ ನನ್ನ ಬೇಟಿ! ನಮ್ಮ ಹೊಲದಾಗ ಕುಂತು ನಮಗಽ ಹೊಲಕ್ಕ ಬಂದೀರಿ ಅಂತಾಳ ನೋಡ್ರಿ!"

"ಚುಪ್," ಎಂದರು ಜಿಲಾನಿಸಾಬ್. ಸೂಗಪ್ಪನವರಿಗೆ ಕೆಮ್ಮು ಬಂತು. ಗಂಟಲು ಸರಿಯಿದ್ದವರ ಕೆಮ್ಮು ಅದು.

"ಏನಂದಿ ಹುಸೇನ್‌ಬೀ?" ಕೇಳಿದಳು ಕಸ್ತೂರೆಮ್ಮ.

ಹುಸೇನ್‌ಬೀ ಗಂಡನ ಮುಖ ನೋಡಿದಳು, ಸೂಗಪ್ಪನವರ ಮುಖ ನೋಡಿದಳು. "ಸಾವ್ಕಾರ್ರು ಹೇಳಿಲ್ಲೇನ್ರಿ ಅಕ್ಕೋರ? ನನಗೇನ್ ಗೊತ್ತು..."

ಕಸ್ತೂರೆಮ್ಮ ಗಂಡನ ಕಡೆ ತಿರುಗಿದಳು. ಬೇಳೆ ಊದುವ ಮೊದಲು ಅಂಗೈ ನೋಡುವ ನೋಟ ಅದು.

"ಅದು... ಕಾಲಿವಿ ನೆಟ್ಟಗ ಮಾಡ್ಬೇಕಾಗಿತ್ತು," ಅಂದರು ಸೂಗಪ್ಪ. "ಗಿಡ ಅಡ್ಡ ಬಂದಿತ್ತು."

"ಯಾರ ಗಿಡ?"

"ನಮ್ಮ ಗಿಡ."

"ಯಾರು ಕಡದ್ರು?"

"ಕ್ಯಾಂಪಿನಾಂವ."

"ಯಾರು ಕಡಿ ಅಂದ್ರು?"

ಸೂಗಪ್ಪ ಒಂದು ಹುಲ್ಲುಕಡ್ಡಿ ಕಿತ್ತು ಅದನ್ನು ಪರೀಕ್ಷಿಸಿದರು. "ನಾ ಕಡಿ ಅಂದಿಲ್ಲ. ಬ್ಯಾಡ ಅನ್ಲಿಲ್ಲ, ಅಷ್ಟಽ."

ಉಳಿದದ್ದನ್ನು ಜಿಲಾನಿಸಾಬ್ ಹೇಳಬೇಕಾಯಿತು. ಏಳು ವರ್ಷದ ಹಿಂದೆ ಸೂಗಪ್ಪನವರ ಹೊಲದ ಬನ್ನಿಗಿಡ ಹೋಯಿತು. ಬಸಲಿಂಗಮ್ಮ ಬೆನ್ನು ಕೊಟ್ಟು ಕೂತಿದ್ದ ಗಿಡ. ಎಳ್ಳ ಅಮಾವಾಸ್ಯೆ ಬಂದಾಗ ಹೆಂಡತಿಗೆ ಏನು ಹೇಳುವುದು ತಿಳಿಯದೆ ಸಾವ್ಕಾರರು ಜಿಲಾನಿಸಾಬರ ಹತ್ತಿರ ಬಂದರು. ನಾಲ್ಕು ಗದ್ದೆ ಆಚೆ ಅವರ ಒಡ್ಡಿನ ಮೇಲೂ ಒಂದು ಬನ್ನಿಗಿಡ ಇತ್ತು. ಒಂದು ದಿನದ ಮಟ್ಟಿಗೆ ಆ ನೆರಳಿನಲ್ಲಿ ಕೂಡಲು ಬಿಡಬೇಕೆಂದು ಕೇಳಿಕೊಂಡರು. ಒಂದು ದಿನ ಏಳು ವರ್ಷವಾಯಿತು.

"ಮನ್ಯಾಗ ಹೇಳೀನಿ ಅಂದಿದ್ರಿ ಸಾವ್ಕಾರ," ಎಂದರು ಜಿಲಾನಿಸಾಬ್.

"ಹೇಳಾಂವ ಇದ್ನೆಪ," ಅಂದರು ಸೂಗಪ್ಪ. ಹೆಂಡತಿಗೆ, "ಹೇಳಿದ್ರ ನೀ ಸುಮ್ನ ಬಿಡತಿದ್ದೇನು?"

"ಬಿಡತಿದ್ದಿಲ್ಲ."

"ಅದಕ್ಕಽ ಹೇಳ್ಲಿಲ್ಲ," ಎಂದು ವ್ಯವಹಾರ ಮುಗಿದವರಂತೆ ಹುಲ್ಲುಕಡ್ಡಿ ಬಿಸಾಕಿದರು.

ವೀರೇಂದ್ರನಿಗೆ ನಗು ತಡೆಯಲಾಗಲಿಲ್ಲ. "ಏಳು ವರ್ಷ! ಅವ್ವ, ಏಳು ವರ್ಷ ನಮ್ಮ ಹೊಲಕ್ಕ ಒಂದ್ ಅಗಳು ಬಿದ್ದಿಲ್ಲ. ಏನರ ಆತೇನು? ಭತ್ತ ಬೆಳೀಲಿಲ್ಲೇನು? ಇನ್ನ ಮಾಳಿಗಿ ಮ್ಯಾಲ ಉಂಡ್ರ ಏನಾಗತೈತಿ?"

ಮಗನ ಮಾತಿನಲ್ಲಿ ಕಲ್ಲಿದ್ದರೆ ಕಸ್ತೂರೆಮ್ಮ ಆರಿಸಿ ತೆಗೆಯಬಹುದಿತ್ತು; ಇದರಲ್ಲಿ ಕಲ್ಲಿರಲಿಲ್ಲ. ಸೊಸೆಯ ಎದುರೇ ಇದೆಲ್ಲ ಆಯಿತು. ಯಾಕೆ ಎಂದು ಕೇಳದೆ ಏನನ್ನೂ ಮಾಡದ ಹುಡುಗಿಯ ತಲೆ ಮೇಲೆ ಪುಟ್ಟಿ ಇಟ್ಟು, ಬೇರೆಯವರ ಹೊಲದಲ್ಲಿ ಕೆಸರು ತುಳಿಸಿದ್ದಾಯಿತು. ಇನ್ನು ಅವಳು ಹೊರುತ್ತೀನಿ ಅನ್ನಲು ಕಾರಣ ಯಾವುದು? ಅದಕ್ಕಿಂತ ದೊಡ್ಡದು, ಉಪವಾಸ ಕೆಡವಬೇಡ ಎಂದು ಹೇಳಿ ಹೋದ ಅತ್ತೆಗೆ ಏನು ಹೇಳುವುದು?

"ನಮ್ಮ ಹೊಲ ಎಲ್ಲೈತಿ?" ಎಂದು ಎದ್ದಳು.

"ಉಂಡು ಹೋಗೂಣು," ಅಂದ ವೀರೇಂದ್ರ.

"ಹೊಲ ಉಂಡಿಲ್ಲ. ಯಾರೂ ಎಲಿ ಮುಟ್ಟಬ್ಯಾಡ್ರಿ."

ಪುಟ್ಟಿ ಖಾಲಿಯಾಗಿತ್ತು. ಡಬ್ಬಿಗಳಲ್ಲಿ ಅಡುಗೆ ಇತ್ತು, ಆದರೆ ಒಂದು ಹೊಲಕ್ಕೆ ಎಡೆ ತೋರಿಸಿದ ಅಡುಗೆ ಇನ್ನೊಂದು ಹೊಲಕ್ಕೆ ನಡೆಯುವುದಿಲ್ಲ. ಬಸಲಿಂಗಮ್ಮ ಹಾಗೆ ಹೇಳಿದ್ದಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು ಎಂಬುದರಲ್ಲಿ ಕಸ್ತೂರೆಮ್ಮನಿಗೆ ಸಂಶಯವಿರಲಿಲ್ಲ.

ಒಡ್ಡಿನ ಮೇಲೆ ಹೊರಟಳು. ಹಿಂದೆ ಪುಟ್ಟಿ ಎತ್ತಿಕೊಂಡು ಹುಸೇನ್‌ಬೀ, ಅವಳ ಹಿಂದೆ ಶಿವಗಂಗಾ. ಸ್ವಲ್ಪ ದೂರ ಬಿಟ್ಟು, ಹತ್ತಿರ ಬರಲೂ ಹೆದರಿ ಹಿಂದುಳಿಯಲೂ ಹೆದರಿ, ಸೂಗಪ್ಪ. ವೀರೇಂದ್ರ ಹೋಳಿಗೆ ಡಬ್ಬಿಯ ಪಕ್ಕದಲ್ಲೇ ಕೂತ. ಕರೆಂಟಿನ ಕಂಬದ ಹತ್ತಿರ ಬಂದಾಗ ಸೂಗಪ್ಪ ಹಿಂದಿನಿಂದಲೇ, "ಇಲ್ಲಿಂದ ನಮ್ದು" ಎಂದರು.

ನೀರಿನ ಒಂದು ಹಾಳೆ. ಅಂಚಿಗೆ ಸಿಮೆಂಟಿನ ಕಾಲುವೆ, ಅಳತೆಪಟ್ಟಿ ಇಟ್ಟು ಎಳೆದ ಹಾಗೆ. ಗಿಡ ಎಲ್ಲಿತ್ತು ಎಂದು ಹೇಳುವ ಒಂದು ಬೇರೂ ಉಳಿದಿರಲಿಲ್ಲ. ಕಸ್ತೂರೆಮ್ಮ ನಿಂತು ನೋಡಿದಳು. ಮೂವತ್ತೊಂದು ವರ್ಷ ತುಳಿದ ಹೊಲ. ಗುರುತು ಸಿಗಲಿಲ್ಲ.

"ಏಳು ವರ್ಷ ಉಪಾಸ ಕೆಡವೀನಿ," ಅಂದಳು, ಯಾರಿಗೂ ಅಲ್ಲ.

"ಉಪಾಸ ಯಾಕ್ರಿ ಅಕ್ಕೋರ?" ಹುಸೇನ್‌ಬೀ ಪುಟ್ಟಿ ಇಳಿಸಿದಳು. "ನಮ್ಮ ಹಿರ‍್ಯಾರೂ ಚರಗಾ ಚೆಲ್ಲಿದವ್ರಽ. ಮೊದಲ್ನೇ ವರ್ಷ ನಾ ಪುಟ್ಟಿ ಹೊತ್ತು ಬಂದ್ರ ನಮ್ಮ ಹೊಲದಾಗ ನೀವು ಚೆಲ್ಲಿ ಹೋಗೀರಿ. ಒಂದಽ ದಿನ ಎರಡ್ ಊಟ ಹಾಕಿದ್ರ ಅಜೀರ್ಣ ಆಗಂಗಿಲ್ಲೇನು? ಈ ಕಡಿ ನೋಡಿದ್ರ ನಿಮ್ಮದು ಖಾಲಿ ಬಿದ್ದಿತ್ತು. ಮಾಡಿದ್ದು ಮನಿಗೆ ಒಯ್ಯಂಗಿಲ್ಲ. ತಂದು ಇಲ್ಲಿ ಚೆಲ್ಲಿದ್ನಿ. ಅವತ್ತಿನಿಂದ ಹಂಗಽ ನಡದೈತಿ. ಇಕಾ, ಈ ವರ್ಷದ್ದೂ ತಂದೀನಿ."

ಕಸ್ತೂರೆಮ್ಮನ ಎದೆಯಿಂದ ಏನೋ ಇಳಿಯಿತು. ಅದು ಪೂರ್ತಿ ಇಳಿಯುವ ಮೊದಲೇ ಇನ್ನೊಂದು ಹತ್ತಿ ಕೂತಿತು. ಏಳು ವರ್ಷ ಅವಳ ಭೂಮಿಗೆ ಇನ್ನೊಬ್ಬಳ ಕೈಯಡುಗೆ.

"ಏನೇನ್ ಚೆಲ್ಲತಿದ್ದಿ?"

"ಸಜ್ಜಿ ಕಡಬು, ಜ್ವಾಳದ ರೊಟ್ಟಿ, ಪುಂಡಿಪಲ್ಯ, ಬದನೀಕಾಯಿ..."

"ಹೋಳಿಗಿ?"

"ಹೋಳಿಗಿ ನನ್ನ ಕೈಗೆ ಬರಂಗಿಲ್ರಿ. ಮಲೀದಾ ಮಾಡ್ತೀನಿ. ಬೆಲ್ಲ, ಕೊಬ್ರಿ ಹಾಕಿ."

ಕಸ್ತೂರೆಮ್ಮ ಬಟ್ಟೆ ಸರಿಸಿ ಬಗ್ಗಿದಳು. ಮೂಗು ತನ್ನ ಕೆಲಸ ಮಾಡಿತು. ಮಲೀದಾ ಅಂದದ್ದು ತಮ್ಮ ಮನೆಯ ಮಾದಲಿಯೇ. ಯಾಲಕ್ಕಿ ಒಂಚೂರು ಕಮ್ಮಿ. ಕಡುಬಿನ ಅಂಚು ಒಡೆದಿರಲಿಲ್ಲ. ಪಲ್ಯಕ್ಕೆ ಉಪ್ಪು ಸರಿ ಇತ್ತು.

"ಉಪ್ಪು ನೋಡಿ ಹಾಕೀಯೇನು?"

"ಅಲ್ಲಾ! ಹೊಲ ಉಣ್ಣೂತನಕ ನಾವು ಬಾಯಿಗೆ ಹಾಕಂಗಿಲ್ರಿ. ಮುಂಜಾನಿಂದ ನೀರಷ್ಟಽ."

ಕಸ್ತೂರೆಮ್ಮ ಬಟ್ಟೆ ಮೊದಲಿನಂತೆ ಮುಚ್ಚಿದಳು. ತಪ್ಪು ಸಿಕ್ಕಿದ್ದರೆ ಹಗುರಾಗುತ್ತಿತ್ತು.

ಶಿವಗಂಗಾ, "ಚಾಚಿ, ಮುಂದಿನ ವರ್ಷ ನೀವು ಎಲ್ಲಿ ಚೆಲ್ಲೋರು?" ಎಂದು ಕೇಳಿದಳು.

"ಅದು ನಿಮ್ಮ ಮ್ಯಾಲ ಬೇಟಿ. ನೀವು ಇಲ್ಲಿಗೆ ಬಂದ್ರ ನಾ ನಮ್ಮ ಹೊಲಕ್ಕ. ನೀವು ಅಲ್ಲಿಗೆ ಬಂದ್ರ ನಾ ಇಲ್ಲಿಗೆ."

"ನಾವು ಬರ್ಲೇ ಇಲ್ಲಂದ್ರ?"

ಹುಸೇನ್‌ಬೀ ವಿಚಾರ ಮಾಡಿದಳು. ಅವಳಿಗೆ ಇದು ಕಷ್ಟದ ಪ್ರಶ್ನೆಯಾಗಿರಲಿಲ್ಲ, ಪುಟ್ಟಿಯ ಪ್ರಶ್ನೆಯಾಗಿತ್ತು. "ಎರಡಕ್ಕೂ ನಾನಽ ಹಾಕ್ಬೇಕಾಗತೈತಿ. ಇದ್ಕಿಂತ ದೊಡ್ ಪುಟ್ಟಿ ಬೇಕು. ಒಂದಿನಾ ಮೊದ್ಲು ಒಲಿ ಹಚ್ಚಬೇಕು."

ಶಿವಗಂಗಾ ನೀರಿನ ಕಡೆ ನೋಡಿದಳು, ಹುಸೇನ್‌ಬೀಯ ಕಡೆ ನೋಡಿದಳು. ಮೊಣಕಾಲಿನ ಕೆಸರು ಒಣಗಿ ಬಿರಿಯುತ್ತಿತ್ತು. ನಾವು ನಿಲ್ಲಿಸಿದರೆ ಕೆಲಸ ನಿಲ್ಲುವುದಿಲ್ಲ, ಅರವತ್ತು ದಾಟಿದ ಈ ಹೆಂಗಸಿನ ತಲೆಗೆ ಹೋಗುತ್ತದೆ. ಇಷ್ಟು ಲೆಕ್ಕ ಬಿ.ಎಡ್. ಮಾಡದವರಿಗೂ ಬರುತ್ತಿತ್ತು. ಬಾಯಿಗೆ ಎರಡೂ ಕೈ ಹಿಡಿದು ಬನ್ನಿಗಿಡದ ಕಡೆ ಕೂಗಿದಳು. "ರೀ! ಮುಂದಿನ ವರ್ಷ ಮಾಳಿಗಿ ಬ್ಯಾಡ!"

ದೂರದಿಂದ ವೀರೇಂದ್ರ ಏನೋ ಕೂಗಿದ. ಊಟದ ವಿಷಯ ಇರಬೇಕು.

"ಹೊರ್ತಿ ಹಂಗಾರ?" ಕೇಳಿದಳು ಕಸ್ತೂರೆಮ್ಮ. ದನಿಯಲ್ಲಿ ಆಸೆ ಕಾಣದಂತೆ ನೋಡಿಕೊಂಡಳು.

"ಹೊರ್ತೀನ್ರಿ ಅತ್ತಿ. ಆದ್ರ ಆ ಹೊಲಕ್ಕ." ಬಂದ ದಾರಿಯ ಕಡೆ ಕೈ ತೋರಿಸಿದಳು. "ನಮ್ದು ಅಲ್ಲಿ, ಚಾಚೀದು ಇಲ್ಲಿ. ಹೆಂಗ ನಡದೈತಿ ಹಂಗಽ. ಕುಂದ್ರಾಕ ನೆರಳು ಅಲ್ಲಿ ಐತಿ. ಇಲ್ಲಿ ಎಲಿ ಎಲ್ಲಿ ಹಾಸೂದು, ಕಾಲಿವ್ಯಾಗ?"

"ನಮ್ಮ ಹೊಲಕ್ಕ ನಮ್ಮ ಕೈಲೆ ಬೀಳಬಾರ್ದಾ?"

"ಏಳು ವರ್ಷ ಚಾಚೀ ಕೈಲೆ ಉಂಡೈತಿ. ರುಚಿ ಹತ್ತಿರತೈತಿ." ನಂತರ ಮೆಲ್ಲಗೆ, "ಪುಟ್ಟಿ ನನಗ ಕೊಟ್ಟೀರಿ ಅಲ್ರಿ ಅತ್ತಿ?"

ಕಸ್ತೂರೆಮ್ಮ ತಾನು ಪಡೆದಂತೆಯೇ ಕೊಡಬೇಕೆಂದಿದ್ದಳು: ಅದೇ ಹೊಲ, ಅದೇ ಗಿಡ, ಅದೇ ಮಾತು. ಹೊಲ ತಪ್ಪಿತ್ತು, ಗಿಡ ಹೋಗಿತ್ತು, ಮಾತು ಒಡ್ಡು ಜಾರುತ್ತದೆ ಎಂಬಷ್ಟಕ್ಕೆ ಇಳಿದಿತ್ತು. ಆದರೂ ಹುಡುಗಿ ಪುಟ್ಟಿ ಬಿಟ್ಟಿರಲಿಲ್ಲ. ಮಾರಿದ ಮೂಟೆಯ ಮೇಲೆ ಕೈಯಿಟ್ಟು ನಿಂತರೆ ಕೊಂಡವರು ಒಯ್ಯುವುದು ಹೇಗೆ? ಬಸಲಿಂಗಮ್ಮ ಪುಟ್ಟಿ ಕೊಟ್ಟ ದಿನ ಗಿಡಕ್ಕೆ ಬೆನ್ನು ಕೊಟ್ಟು ಕೂತದ್ದು ದಣಿವಿಗೆ ಎಂದು ಕಸ್ತೂರೆಮ್ಮ ಇಷ್ಟು ವರ್ಷ ತಿಳಿದಿದ್ದಳು. ಇಲ್ಲಿ ಬೆನ್ನು ಕೊಡಲು ಗಿಡವೂ ಇರಲಿಲ್ಲ.

"ಮಲೀದಾಕ್ಕ ಯಾಲಕ್ಕಿ ಜಾಸ್ತಿ ಹಾಕು," ಎಂದಳು ಹುಸೇನ್‌ಬೀಗೆ. "ಮುಂದಿನ ವರ್ಷ ನಾ ಕಳಿಸ್ತೀನಿ."

"ಕಳಸ್ರಿ. ಹೋಳಿಗೀನೂ ಕಳಸ್ರಿ, ನಾ ಬ್ಯಾಡ ಅನ್ನಂಗಿಲ್ಲ."

ಹುಸೇನ್‌ಬೀಗೆ ಮೊಣಕಾಲು ನೋವು, ಒಡ್ಡಿನಿಂದ ಕೆಸರಿಗೆ ಇಳಿಯಲು ಹೆಣಗಿದಳು. ಶಿವಗಂಗಾ ಅವಳ ಪುಟ್ಟಿಯನ್ನು ತಾನು ಎತ್ತಿಕೊಂಡಳು. ಇಬ್ಬರೂ ನೀರಿಗಿಳಿದರು. ಹುಸೇನ್‌ಬೀ "ಹುಲ್ಲುಲ್ಲಿಗೋ" ಎಂದು ಎತ್ತಿದ ದನಿಗೆ ಬೆಳ್ಳಕ್ಕಿಗಳು ಎದ್ದವು. ಶಿವಗಂಗಾ ಹಿಡಿ ತುಂಬ ತೆಗೆದು ಬೀಸಿ ಚೆಲ್ಲಿದಳು. ಕಡುಬಿನ ಚೂರು, ರೊಟ್ಟಿಯ ಚೂರು ನೀರಿನ ಮೇಲೆ ಬಿದ್ದು, ತೇಲಿ, ಮುಳುಗಿದವು.

ಕಸ್ತೂರೆಮ್ಮ ಒಡ್ಡಿನ ಮೇಲೆ ನಿಂತು ನೋಡಿದಳು. ಕೈಯಲ್ಲಿ ಏನೂ ಇರಲಿಲ್ಲ. ಏನು ಮಾಡಬೇಕೆಂದು ಕೈಗೆ ತಿಳಿಯದೆ ಸೆರಗಿನ ಅಂಚು ಹಿಡಿದುಕೊಂಡಿತ್ತು. ಸೂಗಪ್ಪ ಒಂದೊಂದೇ ಹೆಜ್ಜೆಯಾಗಿ ಬಂದು ಎರಡು ಮೊಳ ದೂರದಲ್ಲಿ ನಿಂತರು. ಅವಳು ಅವರ ಕಡೆ ನೋಡಲಿಲ್ಲ.

"ಶಿವಗಂಗಾ! ಆ ಕಡೀ ಮೂಲಿಗೆ ಬಿದ್ದಿಲ್ಲ!"

"ಅದು ನಮ್ಮ ಹದ್ದಿನಾಗ ಬರಂಗಿಲ್ಲ," ಎಂದರು ಸೂಗಪ್ಪ, ಅಭ್ಯಾಸಬಲದಿಂದ. "ಕಂಬದಿಂದ ಈ ಕಡಿ ಅಷ್ಟಽ ನಮ್ದು. ಅದು ಬಾಜೂದವ್ರದು."

ಕಸ್ತೂರೆಮ್ಮ ನಿಧಾನವಾಗಿ ಅವರ ಕಡೆ ತಿರುಗಿದಳು. "ಈಗ ನೆಪ್ಪಾತೇನ್ರಿ ಹದ್ದು?"

ಸೂಗಪ್ಪ ಕಾಲುವೆಯ ಸಿಮೆಂಟು ಗಟ್ಟಿ ಇದೆಯೋ ಇಲ್ಲವೋ ಎಂದು ನೋಡತೊಡಗಿದರು. ಆಚೆ ಶಿವಗಂಗಾ ಹಿಡಿ ಎತ್ತಿಕೊಂಡು, ಹಾಕಲೋ ಬೇಡವೋ ಎಂದು ನಿಂತಿದ್ದಳು.

"ಹಾಕು," ಎಂದಳು ಕಸ್ತೂರೆಮ್ಮ.